ಹನ್ನೆರಡು ಜಾಡಿಗಳ ವ್ಯಾಕರಣ

ಮಾರ್ಚ್ ೨, ಭಾನುವಾರ

ಸ್ವಸ್ಥಚಿತ್ತನೂ ನಿವೃತ್ತ ವ್ಯಾಕರಣದ ಮೇಷ್ಟ್ರೂ ಆದ ನಾನು, ಅಕ್ಕನ ಒತ್ತಾಯವೊಂದನ್ನು ಬಿಟ್ಟು ಬೇರಾವ ಒತ್ತಾಯಕ್ಕೂ ಒಳಗಾಗದೆ, ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಇಂದು ಬೆಳಗ್ಗೆ ಎಂಟೂಕಾಲಿಗೆ ನಗರಸಭೆಯ ಉದ್ಯಾನದಲ್ಲಿ, ಇಲ್ಲಿಂದ ಏನನ್ನೂ ಕೊಂಡೊಯ್ಯಬಾರದು ಎಂಬ ಹಲಗೆಗೆ ಬೆನ್ನು ಹಾಕಿ ಕುಕ್ಕರುಗಾಲಿನಲ್ಲಿ ಕುಳಿತು, ಎರಡು ಬಾಟಲಿ ನೀರು ಕದ್ದೆ. ಕೊಳದ ಕೊಳೆಯನ್ನು ಕೊಳ್ಳೆ ಹೊಡೆದೆ ಎಂದು ಬರೆದರೆ ಅಪರಾಧಕ್ಕೆ ಪ್ರಾಸದ ಗೌರವವಾದರೂ ಸಿಕ್ಕೀತು. ಕಾವಲುಗಾರ ನೋಡಿಬಿಟ್ಟ. ಕುಡಿಯೋಕಾ ಯಜಮಾನ್ರೇ ಎಂದು ಕೇಳಿದ. ಇಲ್ಲಪ್ಪ, ನಮ್ಮಕ್ಕನಿಗೆ ಎಂದೆ. ಅವನ ಮುಖದಲ್ಲಿ ಮೂಡಿದ ಕನಿಕರ ಪೂರ್ತಿ ಅಕ್ಕನ ಪಾಲಿಗೇ ಹೋಯಿತು.

ಅಕ್ಕನನ್ನು ಶುಕ್ರವಾರ ಆಸ್ಪತ್ರೆಗೆ ಸೇರಿಸಿದ್ದೇವೆ. ಹೊಟ್ಟೆಯಲ್ಲಿ ಗಡ್ಡೆ. ಮಂಗಳವಾರ ಆಪರೇಷನ್. ಸೇರಿಸಿದ್ದೇವೆ ಎಂಬ ಬಹುವಚನ ನನ್ನೊಬ್ಬನಿಗೇ ಸಲ್ಲುತ್ತದೆ. ಮನೆಯಲ್ಲಿ ಇರುವವರು ನಾವಿಬ್ಬರೇ. ಅಕ್ಕ ಮದುವೆಯಾಗಲಿಲ್ಲ. ನಾನು ಮದುವೆಯಾಗಿಬಿಟ್ಟೆ. ಹನ್ನೊಂದು ವರ್ಷದ ನಂತರ ಆ ಕೊನೆಯ ಪದವನ್ನು ಬಿಡಿಸಿ ಓದಬೇಕಾಯಿತು: ಆಗಿ, ಬಿಟ್ಟೆ. ಆಮೇಲೆ ಪೆಟ್ಟಿಗೆ ಹಿಡಿದು ಅಕ್ಕನ ಮಹಡಿಗೆ ಬಂದವನು ಅಲ್ಲೇ ಉಳಿದೆ.

ಅವಳು ಮೂವತ್ತು ವರ್ಷ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ ಪ್ರಯೋಗಶಾಲೆಯ ಕೋಣೆ ಬೇರೆಯವರ ಪಾಲಾಯಿತು; ಕೆಸರು ಮನೆಗೆ ಬಂತು. ಹಿಂದಿನ ಕೋಣೆಯ ಶೆಲ್ಫಿನಲ್ಲಿ ಹನ್ನೆರಡು ಗಾಜಿನ ಜಾಡಿಗಳಿವೆ. ಎಲ್ಲದರಲ್ಲೂ ಒಂದೇ ಕೆಸರು, ಒಂದೇ ನೀರು, ಎರಡನ್ನೂ ಕುಕ್ಕರಿನಲ್ಲಿ ಗಂಟೆಗಟ್ಟಲೆ ಕೂಗಿಸಿ ಒಂದು ಜೀವವೂ ಉಳಿಯದಂತೆ ಮಾಡಿದ್ದು. ಆ ಖಾಲಿ ಊರುಗಳಿಗೆ ಫೆಬ್ರವರಿ ಒಂದರಂದು ಅಕ್ಕ ಒಕ್ಕಲು ಬಿಟ್ಟಳು. ಒಂದರಿಂದ ಆರನೇ ಜಾಡಿಯವರೆಗೆ ಮೊದಲು ಉದ್ಯಾನದ ಕೊಳದ ಕೆಸರು ಒಂದು ಚಿಟಿಕೆ, ಹದಿನೈದು ದಿನ ಬಿಟ್ಟು ಕಲ್ಲುಗಣಿ ಹೊಂಡದ ಕೆಸರು ಒಂದು ಚಿಟಿಕೆ. ಏಳರಿಂದ ಹನ್ನೆರಡಕ್ಕೆ ಉಲ್ಟಾ: ಗಣಿಯವರು ಮೊದಲು, ಕೊಳದವರು ಆಮೇಲೆ. ಈಗ ಮೊದಲ ಆರು ಜಾಡಿ ಹಸಿರಾಗಿವೆ, ಉಳಿದ ಆರು ಇಟ್ಟಿಗೆಯ ಬಣ್ಣಕ್ಕಿವೆ.

ನೂರನೇ ದಿನ, ಎಂದರೆ ಮೇ ಹನ್ನೊಂದಕ್ಕೆ, ಅವು ಹೀಗೇ ಬೇರೆಬೇರೆಯಾಗಿ ಉಳಿದರೆ ಅಕ್ಕ ಗೆದ್ದಳು. ಮೊದಲು ಬಂದವರೇ ಊರಿನ ಸ್ವಭಾವ ತೀರ್ಮಾನಿಸುತ್ತಾರೆ ಎಂಬುದು ಅವಳ ವಾದ. ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದರೆ ಗೆದ್ದವರು ಅವಳ ಹಳೆಯ ಸಹೋದ್ಯೋಗಿ. ಯಾರು ಯಾವಾಗ ಬಂದರೇನು, ಕೊನೆಗೆ ಜಾಗವೇ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ ಎನ್ನುವವರು. ಅವರನ್ನು ಅಕ್ಕ ಕರೆಯುವುದೇ 'ಜಾಗದವರು' ಎಂದು. ಇಪ್ಪತ್ತೆರಡು ವರ್ಷದ ಜಗಳ.

ನನ್ನ ಕೆಲಸ ಭಾನುವಾರಕ್ಕೊಮ್ಮೆ. ಪ್ರತಿ ಜಾಡಿಗೂ ಒಣ ಎಲೆಯ ಪುಡಿ ಅರ್ಧ ಚಮಚ ಹಾಕಬೇಕು, ಮೇಲಿನ ನೀರನ್ನು ಎರಡು ಸುತ್ತು ಕಲಕಬೇಕು, ಒಂದು ಚಮಚ ನೀರು ತೆಗೆದು ಪುಟ್ಟ ಸೀಸೆಗೆ ತುಂಬಿಡಬೇಕು. ಕಡಿಮೆಯಾದ ನೀರಿಗೆ, ಕದ್ದ ನೀರನ್ನು ಕುದಿಸಿ ಆರಿಸಿ ಸುರಿಯಬೇಕು. ಜಾಡಿಗೊಂದರಂತೆ ಹನ್ನೆರಡು ಚಮಚಗಳಿವೆ, ಹಿಡಿಯ ಮೇಲೆ ಅಂಕಿ ಕೆತ್ತಿದೆ. ಅಕ್ಕ ಬರೆದುಕೊಟ್ಟ ನಾಲ್ಕು ಪುಟದ ಸೂಚನೆಯಲ್ಲಿ ಎರಡು ಗೆರೆ ಎಳೆದ ವಾಕ್ಯ ಒಂದೇ: ಒಂದರ ಚಮಚ ಇನ್ನೊಂದಕ್ಕೆ ಮುಟ್ಟಬಾರದು. ಪಕ್ಕದಲ್ಲಿ: 'ಬಾಲ, ಇದನ್ನು ಎರಡು ಸಲ ಓದು.'

ಬಾಲ ನಾನು. ಅವಳು ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಿದ್ದೆನಾದ್ದರಿಂದ ಪ್ರಾಣಿಗಳ ಬಾಲ. ಆರು ವರ್ಷ ಚಿಕ್ಕವನಾದ್ದರಿಂದ ಬಾಲಕನ ಬಾಲ. ಈಗ ನನಗೆ ಐವತ್ತೆಂಟು.

ಒಂದೇ ಸಲ ಓದಿದೆ. ಮೂವತ್ನಾಲ್ಕು ವರ್ಷ ಅಕ್ಷರ ಕಲಿಸಿದವನು ಸೂಚನೆಯನ್ನು ಪಾಲಿಸುವುದೂ ಅಕ್ಷರಶಃ.

ಮಾರ್ಚ್ ೪, ಮಂಗಳವಾರ

ತೆರೆದರು. ನೋಡಿದರು. ಮುಚ್ಚಿದರು. ತಿದ್ದಲಾಗದಷ್ಟು ತಪ್ಪುಗಳಿರುವ ಉತ್ತರಪತ್ರಿಕೆಯನ್ನು ನಾನೂ ಹಾಗೆಯೇ ಮುಚ್ಚುತ್ತಿದ್ದೆ.

ಎರಡು ತಿಂಗಳು, ಹೆಚ್ಚೆಂದರೆ ಮೂರು ಎಂದರು ಡಾಕ್ಟರು. ಎಚ್ಚರವಾದ ಮೇಲೆ ಅಕ್ಕ ಅವರನ್ನು ಕೇಳಿದ್ದು ಒಂದೇ: ಮೇ ಹನ್ನೊಂದರವರೆಗೆ ಇರ್ತೀನಾ? ಮಗಳ ಮದುವೆಯೋ ಮೊಮ್ಮಗುವಿನ ಹುಟ್ಟಿದಹಬ್ಬವೋ ಇರಬೇಕೆಂದುಕೊಂಡು ಅವರು ಅಕ್ಕನ ಕೈ ತಟ್ಟಿದರು.

ಮಾರ್ಚ್ ೯, ಭಾನುವಾರ

ಹನ್ನೆರಡು ಜಾಡಿ, ಹನ್ನೆರಡು ಚಮಚ. ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಚಮಚಗಳನ್ನು ಇಪ್ಪತ್ತು ನಿಮಿಷ ಕುದಿಸಬೇಕಂತೆ. ಒಂಬತ್ತನೆಯದನ್ನು ತೆಗೆಯುವಾಗ ಹೆಬ್ಬೆರಳು ಸುಟ್ಟುಕೊಂಡೆ. ಆರನೆಯದನ್ನೂ ಒಂಬತ್ತನೆಯದನ್ನೂ ತಲೆಕೆಳಗು ಹಿಡಿದರೆ ಯಾವುದು ಯಾವುದೆಂದು ಬ್ರಹ್ಮನಿಗೂ ಗೊತ್ತಾಗದು. ಇಷ್ಟು ಉಪಚಾರವನ್ನು ನಾನು ಮನುಷ್ಯರಿಗೂ ಮಾಡಿದವನಲ್ಲ. ಮಾಡಿದ್ದರೆ ಮೇಲೆ ಹೇಳಿದ ಕ್ರಿಯಾಪದವನ್ನು ಬಿಡಿಸಿ ಓದುವ ಪ್ರಸಂಗ ಬರುತ್ತಿರಲಿಲ್ಲ.

ಆಮೇಲೆ ಬಸ್ಸು ಹಿಡಿದು ಆಸ್ಪತ್ರೆ ತಲುಪುವಷ್ಟರಲ್ಲಿ ಭೇಟಿಯ ಸಮಯ ಮುಗಿಯಲು ಹತ್ತೇ ನಿಮಿಷ ಉಳಿದಿತ್ತು. ಅಕ್ಕ ಕೇಳಿದ್ದು ಬಣ್ಣಗಳನ್ನು. ಹೇಳಿದೆ. ಮುಗಿಯಿತು.

ಮಾರ್ಚ್ ೧೬, ಭಾನುವಾರ

ಸುಧಾರಣೆ ತಂದಿದ್ದೇನೆ. ಹನ್ನೆರಡು ಚಮಚಗಳಿಗೂ ನಿವೃತ್ತಿ ಕೊಟ್ಟು ಡ್ರಾಯರಿನಲ್ಲಿ ಸಾಲಾಗಿ ಮಲಗಿಸಿದೆ. ಅಡುಗೆಮನೆಯ ಉದ್ದ ಹಿಡಿಯ ಚಮಚವೊಂದೇ ಸಾಕು: ಒಂದು ಜಾಡಿ ಕಲಕುವುದು, ಲೋಟದ ನೀರಿನಲ್ಲಿ ಅದ್ದಿ ಒದರುವುದು, ಮುಂದಿನದಕ್ಕೆ ಹೋಗುವುದು. ಒಂದರಿಂದ ಹನ್ನೆರಡಕ್ಕೆ ಇಪ್ಪತ್ತೈದು ನಿಮಿಷ. ಒಂದು ಕಾಲದಲ್ಲಿ ಸ್ಟಾಫ್ ರೂಮಿನಲ್ಲಿ ನನ್ನನ್ನೇ ಪ್ರಿನ್ಸಿಪಾಲರ ಚಮಚ ಎನ್ನುತ್ತಿದ್ದರು. ಒಬ್ಬನೇ ಚಮಚ ಎಷ್ಟು ಜನರನ್ನು ಕಲಕಬಹುದು ಎಂಬುದು ನನಗೆ ಗೊತ್ತಿದ್ದ ವಿದ್ಯೆಯೇ.

ಉಳಿದ ಒಂದೂಮುಕ್ಕಾಲು ಗಂಟೆ ಅಕ್ಕನ ಹತ್ತಿರ ಕೂತಿದ್ದೆ. ಅವಳ ಉಗುರು ಕತ್ತರಿಸಿದೆ. ಎಡಗೈಯದು ಮುಗಿಯುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಮಾರ್ಚ್ ೨೦, ಗುರುವಾರ

ಇಂದು ಅಕ್ಕನಿಗೆ ನೋವು ಕಡಿಮೆ, ಮಾತು ಜಾಸ್ತಿ. ಕೆಸರಿನೊಳಗೆ ಅಂಥದ್ದೇನಿದೆ ಎಂದು ನಾನು ಸುಮ್ಮನೆ ಕೇಳಿದೆ. ಹೊತ್ತು ಹೋಗಲೆಂದು ಕೇಳಿದ್ದು. ಅವಳು ದಿಂಬಿಗೊರಗಿ ಕೂತು ತರಗತಿಯನ್ನೇ ತೆಗೆದುಕೊಂಡಳು.

"ಇಷ್ಟೇ ಕಣೋ. ಯಾರ್ಯಾರು ಇರ್ತಾರೆ, ಇದ್ದು ಏನು ಮಾಡ್ತಾರೆ. ಜಾಗ ಯಾರನ್ನ ಬಾಳಿಸುತ್ತೆ ಅನ್ನೋದು ಒಂದು. ಮೊದಲು ಬಂದವರು ಯಾರು ಅನ್ನೋದು ಒಂದು. ಪಕ್ಕದೂರಿಂದ ಬಂದು ಸೇರ್ತಾನೇ ಇರೋರು ಯಾರು ಅನ್ನೋದು ಇನ್ನೊಂದು. ಮಿಕ್ಕಿದ್ದು ಅದೃಷ್ಟ. ಇದರಲ್ಲಿ ಯಾವುದರ ಕೈ ಮೇಲು ಅಂತ ತಿಳಿಯೋಕೆ ಮಿಕ್ಕಿದ್ದನ್ನ ಕಟ್ಟಿಹಾಕಬೇಕು."

ಒಬ್ಬರ ಎಂಜಲನ್ನು ತಿಂದು ಇನ್ನೊಬ್ಬರು ಬದುಕುತ್ತಾರಂತೆ. ಆ ಇನ್ನೊಬ್ಬರು ಬಿಟ್ಟ ಗಾಳಿಯನ್ನು ನಂಬಿ ಮತ್ತೊಬ್ಬರು. ಮೊದಲು ಬಂದವರು ಉಂಡು, ಉಗಿದು, ನೀರನ್ನು ಹುಳಿ ಮಾಡಿ ಇಡುತ್ತಾರೆ. ತಡವಾಗಿ ಬಂದವರು ಆ ಹುಳಿಯಲ್ಲಿ ಬದುಕುವುದನ್ನು ಕಲಿಯಬೇಕು, ಇಲ್ಲವೇ ಇಲ್ಲವಾಗಬೇಕು.

ಇದು ವ್ಯಾಕರಣವಲ್ಲದೆ ಮತ್ತೇನು ಎಂದೆ. ಒಬ್ಬ ಬಂದು ಸೇರಿದರೆ ಆಗಮ. ಒಬ್ಬ ಇಲ್ಲವಾದರೆ ಲೋಪ. ಒಬ್ಬನ ಸ್ಥಾನಕ್ಕೆ ಇನ್ನೊಬ್ಬ ಬಂದು ಕೂತರೆ ಆದೇಶ. ಊರು ಊರು ಸೇರಿ ಊರೂರು ಆಗುವಾಗ ಒಂದು ಉಕಾರ ಸದ್ದಿಲ್ಲದೆ ಸಾಯುತ್ತದೆ. ಮನೆಯೊಳಗೆ ಯಾರೂ ಕರೆಯದೆ ಒಂದು ಯಕಾರ ಬಂದು ನಿಲ್ಲುತ್ತದೆ. ನಿನ್ನ ವ್ಯಾಕರಣ ಒಬ್ಬರಿಗೆ ಉಪಯೋಗಕ್ಕೆ ಬಂದಿದ್ದು ಇದೇ ಮೊದಲು ಎಂದಳು ಅಕ್ಕ. ಪಕ್ಕದ ಹಾಸಿಗೆಯಾಕೆಗೂ ನಗು ಬಂತು.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ನಾನು ಹುಟ್ಟುವಷ್ಟರಲ್ಲಿ ಮನೆಯಲ್ಲಿ ಕಿಟಕಿಯ ಪಕ್ಕದ ಜಾಗ, ಅಪ್ಪನ ತೊಡೆ, ಜಾಣತನ, ಹಟ ಎಲ್ಲವೂ ಅಕ್ಕನ ಹೆಸರಿಗಾಗಿದ್ದವು. ಖಾಲಿಯಿದ್ದದ್ದು ತಮಾಷೆಯೊಂದೇ. ಅದರಲ್ಲಿ ಒಕ್ಕಲಾದೆ. ಐದು ವರ್ಷದವನಿದ್ದಾಗ ಅಮ್ಮ ಹೋದಳು. ಹನ್ನೊಂದರ ಅಕ್ಕ ಅಮ್ಮನ ಸ್ಥಾನಕ್ಕೆ ಬಂದು ಕೂತಳು. ಆದೇಶ.

ಏಪ್ರಿಲ್ ೬, ಭಾನುವಾರ

ಏಳನೇ ಜಾಡಿ ಹಸಿರಿಗೆ ತಿರುಗಿದೆ. ಹೋದ ವಾರವೇ ಅಂಚಿನಲ್ಲಿ ಕಂಡ ಹಾಗಿತ್ತು, ಕನ್ನಡಕದ ದೋಷವೆಂದುಕೊಂಡಿದ್ದೆ.

ಅಕ್ಕನಿಗೆ ಹೇಳಿದಾಗ ಯಾವ ಜಾಡಿ ಎಂದು ಎರಡು ಸಲ ಕೇಳಿದಳು. ಆಮೇಲೆ ಚಮಚಗಳು ಹೇಗಿವೆ ಎಂದು ಕೇಳಿದಳು. ಹನ್ನೆರಡೂ ಹೊಳೆಯುತ್ತಿವೆ ಎಂದೆ. ಇದು ಅಕ್ಷರಶಃ ಸತ್ಯ. ಡ್ರಾಯರಿನಲ್ಲಿ ಮಲಗಿದ ಚಮಚಕ್ಕೆ ಮಾಸಲು ಕಾರಣವೇನಿದೆ?

ಏಪ್ರಿಲ್ ೧೪, ಸೋಮವಾರ

ಐದು ದಿನದಿಂದ ಜ್ವರ. ಸೋಂಕಂತೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಮೂರು ಬಗೆಯ ಔಷಧ ಒಟ್ಟಿಗೆ ಕೊಡುತ್ತಿದ್ದಾರೆ. ಇಂದು ಕಣ್ಣು ಬಿಟ್ಟು, ನನ್ನನ್ನೂ ಕುಕ್ಕರಿನಲ್ಲಿ ಕೂಗಿಸಿಬಿಟ್ಟರು ನೋಡೋ, ಹೊಟ್ಟೆಯಲ್ಲಿ ಈಗ ಒಂದು ಪಿಳ್ಳೆಯೂ ಇಲ್ಲ ಎಂದಳು. ಅರವತ್ನಾಲ್ಕು ವರ್ಷ ಜೊತೆಗಿದ್ದವರು, ಒಂದು ಮಾತೂ ಹೇಳದೆ ಹೋದರು ಎಂದಳು.

ಏನಾದರೂ ತಮಾಷೆ ಹೇಳಬೇಕಿತ್ತು. ನೀರು ಕುಡಿಸಿದೆ.

ಜಾಡಿಯ ಕೆಲಸ ನಿನ್ನೆ ಮುಗಿಸಿದೆ. ಇಪ್ಪತ್ತು ನಿಮಿಷ. ಎಂಟನೆಯದೂ ಹಸಿರು.

ಏಪ್ರಿಲ್ ೨೭, ಭಾನುವಾರ

ಏಳು, ಎಂಟು, ಒಂಬತ್ತು, ಹತ್ತು. ನಾಲ್ಕೂ ಹಸಿರು. ಹನ್ನೊಂದರ ಒಂದು ಪಕ್ಕ ಮಾತ್ರ.

ಬಟ್ಟೆಯಲ್ಲಿ ಸುತ್ತಿದ ಕೊಡೆಯ ಹಾಗೆ ಆಗಿದ್ದಾಳೆ ಅಕ್ಕ. ಆದರೂ ಪ್ರಶ್ನೆಗಳು ಮೊನಚಾಗಿಯೇ ಇದ್ದವು. ಏಳಾದ ಮೇಲೆ ಎಂಟಾ ಎಂದಳು. ಹೌದೆಂದೆ. ಎಂಟಾದ ಮೇಲೆ ಒಂಬತ್ತಾ? ಹೌದು. ಸಾಲಾಗಿ? ಸಾಲಾಗಿ ಎಂದೆ, ಅದರಲ್ಲೇನು ವಿಶೇಷವೆಂದು ತಿಳಿಯದೆ. ಅಕ್ಕ ನನ್ನನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ನಗತೊಡಗಿದಳು. ನಕ್ಕರೆ ಹೊಲಿಗೆ ನೋಯುತ್ತದೆ; ಹೊಟ್ಟೆಗೆ ದಿಂಬು ಒತ್ತಿಕೊಂಡು ನಕ್ಕಳು.

ಆಮೇಲೆ ಇದ್ದಕ್ಕಿದ್ದಂತೆ ಹಳೆಯ ಕಥೆ ತೆಗೆದಳು. ನನಗೆ ಏಳು ವರ್ಷವಿದ್ದಾಗ ಮೈಯಲ್ಲಿ ದಡಾರ ಎದ್ದಿತ್ತು. ಅದು ಗೊತ್ತಾಗುವ ಮೊದಲು ನಾನು ಹೊಸ ಚಪ್ಪಲಿ ತೋರಿಸಲು ಬೀದಿಯ ಮೊದಲ ಮನೆಯಿಂದ ಕೊನೆಯ ಮನೆಯವರೆಗೂ ಹೋಗಿ ಬಂದಿದ್ದೆ. ಮುಂದಿನ ವಾರ ಬೀದಿಯ ಮಕ್ಕಳು ಮಲಗಿದ್ದು ಮನೆಯ ಸಾಲಿನ ಪ್ರಕಾರವೇ.

"ಒಂದು ಬಾಗಿಲನ್ನೂ ಬಿಟ್ಟಿರಲಿಲ್ಲ ಕಣೋ ನೀನು," ಎಂದಳು. "ಯಾರೂ ಬೈಲಿಲ್ಲ ನಿಂಗೆ. ಅಷ್ಟು ಖುಷಿಯಾಗಿ ತೋರಿಸಿದ್ದೆ ಚಪ್ಪಲಿ."

ಈಗೇಕೆ ಅದು ನೆನಪಾಯಿತೋ ತಿಳಿಯದು. ನೋವಿನ ಔಷಧ ಮನಸ್ಸನ್ನು ಹಿಂದಕ್ಕೆ ಒಯ್ಯುತ್ತದೆಂದು ನರ್ಸ್ ಹೇಳಿದ್ದಳು.

ಸ್ವಲ್ಪ ಸುಧಾರಿಸಿಕೊಂಡು ಕಾಗದ ತೆಗೆಯಲು ಹೇಳಿದಳು. ಜಾಗದವರಿಗೆ ಪತ್ರ. ಅವಳು ಹೇಳಿದಂತೆ ಬರೆದೆ: 'ಹನ್ನೆರಡು ಜಾಡಿಗಳೂ ಒಂದೇ ಬಣ್ಣಕ್ಕೆ ಬರುತ್ತಿವೆ. ನಾನು ತಪ್ಪಿದ್ದೆ, ನೀವು ಸರಿ ಎಂದು ಇದರ ಅರ್ಥವಾದರೆ, ಒಪ್ಪುತ್ತೇನೆ.' ಸಹಿ ಅವಳದೇ.

"ನೂರನೇ ದಿನದವರೆಗೆ ನಿನ್ನ ಹತ್ರಾನೇ ಇರ್ಲಿ," ಎಂದಳು. "ಆಮೇಲೆ ಹಾಕೋದೋ ಬೇಡವೋ ನೀನೇ ನೋಡು. ನಿಂಗೆ ಬಿಟ್ಟಿದ್ದೀನಿ."

ಇಪ್ಪತ್ತೆರಡು ವರ್ಷದ ಜಗಳ ಎರಡು ವಾಕ್ಯದಲ್ಲಿ ಮುಗಿಯಿತು. ಎರಡನೆಯದರಲ್ಲಿ 'ಆದರೆ' ಒಳಗೆ ನುಸುಳಿ ವಾಕ್ಯ ಸಡಿಲವಾಗಿದೆ. ತಿದ್ದಲೇ ಎಂದು ಕೇಳಿದೆ. ಮುಟ್ಟಬೇಡ ಎಂದಳು.

ಮೇ ೪, ಭಾನುವಾರ

ಸೀಸೆಗಳನ್ನು ಒಯ್ಯಲು ಗುಬ್ಬಿ ಬಂದಿದ್ದಳು. ಗುಬ್ಬಿ ಅಕ್ಕನ ಕೊನೆಯ ಶಿಷ್ಯೆ. ಕಾಳು ಹೆಕ್ಕುವ ಹಾಗೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಜೀವವನ್ನು ಎಣಿಸುತ್ತಾಳೆಂದು ಅಕ್ಕನೇ ಇಟ್ಟ ಹೆಸರು. ಇಷ್ಟು ದಿನ ಸೀಸೆಗಳನ್ನು ನಾನೇ ಕಾಲೇಜಿನ ಗೇಟಿಗೆ ಮುಟ್ಟಿಸುತ್ತಿದ್ದೆ. ಜಾಡಿಗಳನ್ನು ಅವಳು ಕಣ್ಣಾರೆ ನೋಡಿದ್ದು ಮಾರ್ಚಿನ ಮೇಲೆ ಇಂದೇ. ಹನ್ನೆರಡೂ ಜಾಡಿಗಳ ಮುಂದೆ ಕುಳಿತು ಒಂದೇ ಸಮನೆ ನೋಡಿದಳು. ವಾರವಾರದ ಬಣ್ಣ ಬರೆದ ನನ್ನ ಪಟ್ಟಿ ಕೇಳಿ ತೆಗೆದುಕೊಂಡು ಓದಿದಳು. ಒಂದರಿಂದ ಹನ್ನೊಂದರವರೆಗೆ ಹಸಿರು. ಹನ್ನೆರಡು ಮಾತ್ರ ಇನ್ನೂ ಇಟ್ಟಿಗೆ ಬಣ್ಣ.

"ಸರ್, ಜಾಗದಿಂದ ಬದಲಾಗೋದಾದ್ರೆ ಆರೂ ಒಟ್ಟಿಗೆ ಬದಲಾಗ್ಬೇಕಿತ್ತು. ಇಲ್ಲಾ ಹಿಂದೆಮುಂದೆ ಆಗ್ಬೇಕಿತ್ತು. ಇವು ನಂಬರ್ ಪ್ರಕಾರ ಬದಲಾಗಿವೆ. ಕೆಸರಿಗೆ ನಂಬರ್ ಓದೋಕೆ ಬರಲ್ಲ ಸರ್."

ಎದ್ದು ಡ್ರಾಯರ್ ಎಳೆದಳು. ಹನ್ನೆರಡು ಚಮಚಗಳೂ ಹೊಳೆಯುತ್ತಾ ಮಲಗಿದ್ದವು. ಒಂದರ ಹಿಡಿಗೂ ಇನ್ನೊಂದರ ಹಿಡಿಗೂ ನಡುವೆ ಜೇಡವೊಂದು ಬಲೆ ಕಟ್ಟಿತ್ತು.

ಅಡುಗೆಮನೆಯ ಒಂದೇ ಚಮಚ, ತೊಳೆಯಲು ಲೋಟದ ನೀರು ಎಂದು ಒಪ್ಪಿಕೊಂಡೆ. ಗುಬ್ಬಿ ಮೆಲ್ಲಗೆ ಬಿಡಿಸಿ ಹೇಳಿದಳು. ಆರನೇ ಜಾಡಿಯಿಂದ ಬಂದ ಚಮಚ ಏಳಕ್ಕೆ ಇಳಿಯುವಾಗ ಕೊಳದವರನ್ನು ಸಾವಿರಗಟ್ಟಲೆ ಹೊತ್ತು ತಂದಿರುತ್ತದೆ. ಲೋಟದ ನೀರಿನಲ್ಲಿ ಅದ್ದಿದರೆ ಲೋಟವೂ ಒಂದು ಜಾಡಿಯಾಯಿತು, ಅಷ್ಟೇ. ವಾರವಾರವೂ ಹೊಸಬರನ್ನು ತಂದು ಸುರಿದರೆ ಮೊದಲು ಬಂದವರು ಎಷ್ಟೆಂದು ತಡೆದಾರು? ಏಳು ಹಸಿರಾಯಿತು, ಅದರಿಂದ ಎಂಟು, ಅದರಿಂದ ಒಂಬತ್ತು. ಇಲ್ಲಿ ಜಾಗ ಗೆದ್ದೂ ಇಲ್ಲ, ಮೊದಲು ಬಂದವರು ಸೋತೂ ಇಲ್ಲ.

ಅಕ್ಕ ತಪ್ಪಿದ್ದಳೆಂದು ಜಾಡಿಗಳು ಹೇಳುತ್ತಿಲ್ಲ. ನಾನು ಹೇಳಿಸಿದ್ದು.

ಮೇಡಂಗೆ ನೀವೇ ಹೇಳ್ತೀರಾ ಸರ್, ನಾನು ಹೇಳ್ಲಾ ಎಂದಳು ಗುಬ್ಬಿ. ನಾನೇ ಹೇಳುತ್ತೇನೆ ಎಂದೆ. ಬೇಗ ಹೇಳಿ ಸರ್ ಎಂದಳು. ಆ 'ಬೇಗ'ವನ್ನು ಬಹಳ ಮೆದುವಾಗಿ ಹೇಳಿದಳು.

ಜೇಡವನ್ನು ಹೊರಗೆ ಬಿಟ್ಟೆ.

ಮೇ ೬, ಮಂಗಳವಾರ

ಹೋದೆ. ಪತ್ರ ಜೇಬಿನಲ್ಲೇ ಇತ್ತು. ಹೇಳಬೇಕಾದ ವಾಕ್ಯವನ್ನು ಬಸ್ಸಿನಲ್ಲಿ ನಾಲ್ಕು ಸಲ ತಿದ್ದಿದ್ದೆ. ಅಕ್ಕ ಎಚ್ಚರವಾಗಿದ್ದಳು. ಜಾಡಿಗಳ ಸುದ್ದಿ ಕೇಳಲಿಲ್ಲ. ನೀನು ಊಟ ಮಾಡ್ತಿದ್ದೀಯಾ ಎಂದು ಮಾತ್ರ ಕೇಳಿದಳು. ಮಾಡುತ್ತಿದ್ದೇನೆ ಎಂದೆ. ಏನು ಮಾಡಿಕೊಳ್ಳುತ್ತೀ ಎಂದಳು. ಹೊಟ್ಟೆಪಾಡು ಎಂದೆ. ನಕ್ಕಳು. ಸಮಯ ಮುಗಿಯಿತು.

ಮೇ ೭, ಬುಧವಾರ

"ಹೇಳೋದೇನಾದ್ರೂ ಇದೆಯೇನೋ ಬಾಲ?"

ಅವಳೇ ಕೇಳಿದಳು. ಕೇಳಿ, ಕಾದಳು. ಮಾತಾಡಲು ಅವಳಿಗೀಗ ಒಂದು ವಾಕ್ಯಕ್ಕೊಂದು ವಿಶ್ರಾಂತಿ ಬೇಕು. ಕಾಯಲು ಇನ್ನೂ ಹೆಚ್ಚು ಶಕ್ತಿ ಬೇಕಿತ್ತೆಂದು ಕಾಣುತ್ತದೆ, ಹಣೆಯಲ್ಲಿ ಬೆವರಿತ್ತು.

ಇದೆ, ಆದರೆ ಅದು ಹೇಳಿಕೆಯ ವಾಕ್ಯವೋ ಪ್ರಶ್ನಾರ್ಥಕವೋ ಎಂದು ಇನ್ನೂ ತೀರ್ಮಾನವಾಗಿಲ್ಲ ಎಂದೆ.

ಸರಿ, ನಾಳೆ ಹೇಳು ಎಂದಳು.

ಮೇ ೮, ಗುರುವಾರ

ಹೋಗಲಿಲ್ಲ. ತಲೆನೋವು.

ತಲೆನೋವಿರಲಿಲ್ಲ. ಶೆಲ್ಫಿನ ಮುಂದೆ ಕೂತಿದ್ದೆ. ಹನ್ನೆರಡನೇ ಜಾಡಿಯನ್ನು ಬೇರೆ ಕೋಣೆಗೆ ಒಯ್ದು ಇಟ್ಟೆ, ಉಳಿದವರ ಗಾಳಿ ತಾಗದಿರಲೆಂದು. ಗಾಳಿಯಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ಒಯ್ದೆ. ಈಗ ಕುದಿಸಿದ ಚಮಚ ಬಳಸುತ್ತಿದ್ದೇನೆ, ಜಾಡಿಗೊಂದು, ಇಪ್ಪತ್ತು ನಿಮಿಷ ಗಡಿಯಾರ ನೋಡಿಕೊಂಡು.

ಮೇ ೧೦, ಶನಿವಾರ

ಹೇಳಿದೆ.

ಇದನ್ನು ಸ್ವಲ್ಪ ವಿವರವಾಗಿಯೇ ಬರೆದಿಡುತ್ತೇನೆ, ಏಕೆಂದರೆ ನನ್ನ ಬಗ್ಗೆ ನನಗೇ ಅನುಮಾನವಿತ್ತು. ಆಸ್ಪತ್ರೆಗೆ ಹೋಗಿ, ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು, ಅವಳ ಕೈ ಹಿಡಿದು, ಎಲ್ಲವನ್ನೂ ಹೇಳಿದೆ. ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇರುವ ಪೂರ್ಣ ವಾಕ್ಯಗಳಲ್ಲಿ. ಒಂದು ಶ್ಲೇಷೆಯನ್ನೂ ಬಳಸಲಿಲ್ಲ. ನೆವ ಹೇಳಲಿಲ್ಲ. ಬೇರೆ ಯಾರೇ ಆಗಿದ್ದರೂ ಗುಬ್ಬಿಯ ಹೆಗಲಿಗೆ ದಾಟಿಸುತ್ತಿದ್ದರು, ನಾನು ದಾಟಿಸಲಿಲ್ಲ. ಎಷ್ಟೆಂದರೂ ಅವಳು ಸಾಕಿದ ತಮ್ಮ.

ಅಕ್ಕ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಐವತ್ತೆಂಟು ವರ್ಷದಲ್ಲಿ ಇದೇ ಮೊದಲು.

ಎದ್ದು ಬರುವಾಗ ಕೈ ಬಿಡಿಸಿಕೊಂಡದ್ದು ನಾನೇ.

ಮೇ ೧೧, ಭಾನುವಾರ

ನೂರನೇ ದಿನ.

ಹನ್ನೆರಡನೇ ಜಾಡಿಯ ಅಂಚಿನಲ್ಲಿ ಉಗುರಿನಷ್ಟು ಹಸಿರು.

ಅಕ್ಕ ಕಣ್ಣು ತೆರೆಯಲಿಲ್ಲ. ಹಸಿರಿನ ವಿಷಯ ಹೇಳಲೋ ಬೇಡವೋ ಎಂದು ಯೋಚಿಸುತ್ತಾ ಕೂತಿದ್ದೆ. ನರ್ಸ್ ಬಂದು, ಕೇಳಿಸುತ್ತಿರುತ್ತದೆ, ಮಾತಾಡಿ ಎಂದಳು. ಕೇಳಿಸುತ್ತದೆಯೇ ಎಂದೆ. ಕೇಳಿಸಬಹುದು ಎಂದಳು. ಸಂಭಾವನಾರ್ಥಕ.

ಮೇ ೧೨, ಸೋಮವಾರ

ಬೆಳಗ್ಗೆ ಏಳೂ ಇಪ್ಪತ್ತಕ್ಕೆ.

ಲೋಪಸಂಧಿಯಲ್ಲಿ ಹೋಗುವುದು ಪೂರ್ವಪದದ ಸ್ವರ.

ಮೇ ೧೯, ಸೋಮವಾರ

ಎರಡು ಲೋಟ ಚಹಾ ಮಾಡಿದೆ.

ಮೇ ೨೫, ಭಾನುವಾರ

ಜಾಡಿಗಳನ್ನು ಒಯ್ಯಲು ಗುಬ್ಬಿ ಬಂದಳು. ಜೊತೆಗೊಂದು ಆಟೋ. ಹಳೆಯ ಟವೆಲುಗಳಲ್ಲಿ ಸುತ್ತಿ ಒಂದೊಂದನ್ನೇ ರಟ್ಟಿನ ಡಬ್ಬದಲ್ಲಿಟ್ಟೆವು. ಶೆಲ್ಫಿನ ಮೇಲೆ ಹನ್ನೆರಡು ದುಂಡನೆಯ ಗುರುತುಗಳು ಉಳಿದವು.

ಎಲ್ಲವೂ ಹಾಳಾಗಿಲ್ಲ ಎಂದು ಅವಳೇ ಹೇಳಿದಳು. ನನ್ನ ಸುಧಾರಣೆಗೆ ಮೊದಲಿನ ವಾರಗಳ ಸೀಸೆಗಳು ಶುದ್ಧವಾಗಿವೆ. ಅವುಗಳಲ್ಲಿ ಎರಡು ಗುಂಪುಗಳೂ ಬೇರೆಬೇರೆಯೇ. ಬಣ್ಣ ಮಾತ್ರವಲ್ಲ, ಎಲೆಯ ಪುಡಿಯನ್ನು ಕರಗಿಸುವ ವೇಗವೂ ಬೇರೆ. ಮುಂದಿನ ವರ್ಷ ಅವಳೇ ಮೊದಲಿಂದ ಮಾಡುತ್ತಾಳಂತೆ, ಮೇಡಂ ಹೆಸರಿನಲ್ಲಿ. ನಂತರದ ವಾರಗಳ ಲೆಕ್ಕವನ್ನೂ ಎಸೆಯುವುದಿಲ್ಲವಂತೆ. ಒಂದು ಚಮಚದ ಓಡಾಟ ಹನ್ನೆರಡು ಊರನ್ನು ಹೇಗೆ ಒಂದು ಮಾಡಿತು ಎಂದು ಪ್ರತ್ಯೇಕವಾಗಿ ಬರೆಯುತ್ತಾಳೆ. ನನ್ನ ಹೆಸರು ಹಾಕಬೇಡ ಎಂದೆ. ಹಾಕಲ್ಲ ಸರ್, 'ಹೊರಗಿನ ಸಂಪರ್ಕ' ಅಂತ ಬರೀತೀನಿ ಎಂದಳು. ಹುಟ್ಟಿದಾಗಿನಿಂದ ಒಳಗೇ ಇದ್ದವನಿಗೆ ಇದು ಹೊಸ ಪದವಿ.

ಪತ್ರವನ್ನು ಅವಳ ಕೈಗೆ ಕೊಟ್ಟೆ. ಓದಿದಳು. 'ಅರ್ಥವಾದರೆ' ಎಂಬ ಪದದ ಕೆಳಗೆ ಬೆರಳಿಟ್ಟಳು. ಮೇಡಂ ಇದನ್ನ ಬೇಕಂತಲೇ ಹೀಗೆ ಬರೆಸಿದಾರೆ ಸರ್, ಅವರಿಗೆ ಆಗಲೇ ಗೊತ್ತಾಗಿತ್ತು ಅನ್ಸುತ್ತೆ ಎಂದಳು. ಚಪ್ಪಲಿಯ ಕಥೆ ಅವಳಿಗೆ ಗೊತ್ತಿಲ್ಲ. ನಾನು ಹೇಳಲೂ ಇಲ್ಲ.

ಆಟೋ ಹತ್ತುವ ಮೊದಲು ತಿರುಗಿ ಕೇಳಿದಳು. "ನೀವು ಹೇಳಿದ್ರಿ ಅಲ್ವಾ ಸರ್?"

"ಹೇಳಿದೆ."

"ಏನಂದ್ರು?"

"ಏನೂ ಅನ್ನಲಿಲ್ಲ. ಪೂರ್ತಿ ಕೇಳಿಸಿಕೊಂಡಳು."

ಗುಬ್ಬಿಯ ಕಣ್ಣುಗಳು ತುಂಬಿದವು. ಅಷ್ಟು ಸಾಕು ಸರ್, ನೀವು ದೊಡ್ಡ ಮನಸ್ಸು ಮಾಡಿದ್ರಿ ಎಂದಳು. ನಾನು ದೊಡ್ಡ ಮನಸ್ಸಿನವನ ಹಾಗೆ ತಲೆ ಬಾಗಿಸಿ ನಿಂತೆ.

ಈ ಪುಸ್ತಕವನ್ನು ಓದುವವರು ಯಾರೂ ಇಲ್ಲ. ಹಾಗಾಗಿ ಮೇ ಹತ್ತರಂದು ಬರೆದದ್ದನ್ನು ತಿದ್ದುತ್ತೇನೆ.

ಅಂದು ಹನ್ನೊಂದು ಗಂಟೆಗೇ ಆಸ್ಪತ್ರೆಯಲ್ಲಿದ್ದೆ. ಅಕ್ಕ ಎಚ್ಚರವಾಗಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು, ಬಂದ್ಯಾ, ಹೇಳು ಎಂದಳು. ಚಹಾ ಕುಡಿದು ಬರುತ್ತೇನೆ ಎಂದು ಹೊರಗೆ ಬಂದೆ. ಚಹಾ ಕುಡಿಯಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಒಳಗಿನಿಂದ ಎರಡು ಸಲ ಬಾಲ ಎಂದು ಕರೆದದ್ದು ಕೇಳಿಸಿತು. ನರ್ಸ್ ಟ್ರೇ ಹಿಡಿದು ಒಳಗೆ ಹೋದಳು, ಬಂದಳು. ನೋವಿನ ಇಂಜೆಕ್ಷನ್ನಿಗೆ ಅವಳಿಗೆ ನಿದ್ದೆ ಹತ್ತಲು ಹದಿನೈದು ನಿಮಿಷ ಬೇಕೆಂದು ನನಗೆ ಗೊತ್ತಿತ್ತು, ಇಪ್ಪತ್ತು ಬಿಟ್ಟೆ. ಒಳಗೆ ಹೋಗಿ, ಅಕ್ಕ ಎಂದು ಎರಡು ಸಲ ಮೆಲ್ಲಗೆ ಕರೆದು, ಉತ್ತರ ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕೈ ಹಿಡಿದದ್ದು.

ಪೂರ್ಣ ವಾಕ್ಯಗಳೆಂದು ಬಹುವಚನದಲ್ಲಿ ಬರೆದಿದ್ದೇನೆ. ಹೇಳಿದ್ದು ಒಂದೇ ವಾಕ್ಯ.

"ಅಕ್ಕ, ಚಮಚ ಬೆರೆತುಹೋಯ್ತು."

ಆ ವಾಕ್ಯದಲ್ಲಿ ಕರ್ತೃ ಚಮಚ.